ಅಣ್ಣತಮ್ಮಂದಿರ ಹಳೇ ಮ್ಯಾಚ್ ಮತ್ತೆ ಓಡಿದ್ದು: ಒಂದು ಪ್ರಕರಣ

ಹಳೇ ಗೇಮನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸಿಕೊಡಿ ಎಂದು ಕೇಳುವವರು ಆಗಾಗ ಸಿಗುತ್ತಾರೆ. ಹೆಚ್ಚಿನವರದ್ದು ಸಣ್ಣ ಕೆಲಸ. ವಿಂಡೋಸಿಗೂ ಮುಂಚಿನ ಡಾಸ್ ಕಾಲದ ಗೇಮ್ ಆದರೆ, ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿದರೆ ಮುಗಿಯಿತು. ಈ ಪ್ರಕರಣ ಹಾಗಾಗಲಿಲ್ಲ. ಇಲ್ಲಿ ಗೇಮ್ ಓಡಿಸುವ ದಾರಿಗಳು ನಾಲ್ಕೈದು ಇದ್ದವು, ಆದರೆ ಆ ಮನೆಯವರಿಗೆ ಬೇಕಾದದ್ದು ಸಿಗುವ ದಾರಿ ಒಂದೇ ಇತ್ತು. ಅದನ್ನು ಹುಡುಕಿದ ಬಗೆ ಬೇರೆಯವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಊರಿನ ಇಬ್ಬರು ಅಣ್ಣತಮ್ಮಂದಿರು. 2005ರ ಸುಮಾರಿಗೆ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಏಜ್ ಆಫ್ ಎಂಪೈರ್ಸ್ 2 ಎಂಬ, ಊರು ಕಟ್ಟಿ ಸೈನ್ಯ ಬೆಳೆಸಿ ಯುದ್ಧ ಮಾಡುವ ಗೇಮ್ ಆಡುತ್ತಿದ್ದರು. ಸರಿಯಾಗಿ ಹೇಳಬೇಕೆಂದರೆ ಅದರ ಎಕ್ಸ್‌ಪ್ಯಾನ್ಶನ್ (ಮೂಲ ಗೇಮಿಗೆ ಸೇರಿಸುವ ಹೆಚ್ಚುವರಿ ಭಾಗ), ದ ಕಾಂಕರರ್ಸ್. ಮೂಲ ಗೇಮ್ 1999ರದ್ದು, ಎಕ್ಸ್‌ಪ್ಯಾನ್ಶನ್ 2000ದ್ದು. ಮಾಡಿದ್ದು ಎನ್‌ಸೆಂಬಲ್ ಸ್ಟುಡಿಯೋಸ್, ಹೊರತಂದದ್ದು ಮೈಕ್ರೋಸಾಫ್ಟ್. ಅದರಲ್ಲಿ ಪ್ರತಿಯೊಬ್ಬರೂ ಒಂದು ನಾಗರಿಕತೆ ಆರಿಸಿಕೊಂಡು ಆಡುತ್ತಾರೆ. ಅಣ್ಣ ಯಾವಾಗಲೂ ಬ್ರಿಟನ್ಸ್ ತೆಗೆದುಕೊಂಡು ಬಿಲ್ಲುಗಾರರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ತಮ್ಮನಿಗೆ ಪರ್ಷಿಯನ್ಸ್, ಯಾಕೆಂದರೆ ಆನೆ ಸಿಗುತ್ತಿದ್ದದ್ದು ಅವರಲ್ಲಿ ಮಾತ್ರ. ಆಗ ಆ ಗೇಮಿನಲ್ಲಿ ಭಾರತದವರು ಅಂತ ಯಾರೂ ಇರಲಿಲ್ಲ. ದ್ರಾವಿಡರು ಬಂದದ್ದು 2022ರಲ್ಲಿ, ಅದೂ ಹೊಸ ಆವೃತ್ತಿಗೆ.

ಅಣ್ಣ ಈಗ ಹೊರದೇಶದಲ್ಲಿದ್ದಾನೆ, ಊರಿಗೆ ಬರುವುದು ಅಪರೂಪ. ತಮ್ಮ ಊರಲ್ಲೇ ಇದ್ದಾನೆ. ಮನೆ ಬಣ್ಣ ಹೊಡೆಸುವಾಗ ಅಟ್ಟದ ಪೆಟ್ಟಿಗೆಯಲ್ಲಿ ಅವನಿಗೆ ಎರಡು ಬಗೆಯ ಡಿಸ್ಕ್ ಸಿಕ್ಕವು. ಒಂದು, ಅಣ್ಣ ಮೊದಲ ಸಂಬಳದಲ್ಲಿ ಕೊಂಡ ಗೇಮಿನ ಅಸಲಿ ಸಿಡಿಗಳು. ಇನ್ನೊಂದು, ಕೆಫೆಯಲ್ಲಿ ಬರೆಸಿಕೊಂಡಿದ್ದ ಒಂದು ಸಿಡಿ, ಮೇಲೆ ಮಾರ್ಕರ್‌ನಲ್ಲಿ ‘ಮ್ಯಾಚ್’ ಎಂದಷ್ಟೇ ಬರೆದಿತ್ತು.

ತಮ್ಮ ನನ್ನ ಹತ್ತಿರ ಬಂದಾಗ ಕೇಳಿದ್ದು, “ಸರ್, ಈ ಗೇಮ್ ವಿಂಡೋಸ್ 11ನಲ್ಲಿ ಓಡುತ್ತಾ?” ಎಂದು. ನಾನು ಇಂಥವರಿಗೆ ಮೊದಲು ಹೇಳುವುದು ಒಂದೇ ಮಾತು: ಆಡಬೇಕು ಅಂತಿದ್ದರೆ ಹೊಸದನ್ನು ಕೊಂಡುಬಿಡಿ. 2019ರಲ್ಲಿ ಬಂದ ಡೆಫಿನಿಟಿವ್ ಎಡಿಷನ್ ಚೆನ್ನಾಗಿದೆ, ಇವತ್ತಿನ ಸ್ಕ್ರೀನಿಗೆ ಸರಿಹೊಂದುತ್ತದೆ, ಆಡುವವರೂ ಸಿಗುತ್ತಾರೆ. ಹಳೇ ಸಿಡಿ ಹಿಡಿದು ಒದ್ದಾಡುವ ಅಗತ್ಯ ಇಲ್ಲ.

ಅವನು, “ಅದನ್ನು ಆಗಲೇ ಕೊಂಡಿದ್ದೀನಿ ಸರ್. ಅದರಲ್ಲಿ ಇದು ತೆರೆಯೋದಿಲ್ಲ” ಎಂದ. ‘ಇದು’ ಎಂದರೆ ಆ ‘ಮ್ಯಾಚ್’ ಸಿಡಿಯಲ್ಲಿದ್ದ ಮೂರು ಫೈಲು. ಹೆಸರು ‘ರೆಕ್’ ಎಂದು ಶುರುವಾಗಿ, ಆಮೇಲೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಬಂದು, ಎಂಜಿಎಕ್ಸ್ ಎಂದು ಕೊನೆಯಾಗುತ್ತಿತ್ತು. ಮ್ಯಾಚ್ ಶುರುವಾಗುವ ಮುಂಚೆ ‘ರೆಕಾರ್ಡ್ ಗೇಮ್’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಕಾಂಕರರ್ಸ್ ತಾನೇ ಉಳಿಸುತ್ತಿದ್ದ ಫೈಲು ಅವು.

ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಆ ಮಾತಿನಲ್ಲೇ. ಅಣ್ಣ ರಜೆಗೆ ಬಂದಾಗ ಅವರಿಬ್ಬರೂ ಸೇರಿ ಆಡಿದ ಮ್ಯಾಚನ್ನು ತೋರಿಸಬೇಕು ಎನ್ನುವುದು ಅವನ ಆಸೆ. ಗೇಮ್ ಓಡಿಸುವುದು ಒಂದು ಕೆಲಸ, 2005ರ ಆಟ ಮತ್ತೆ ನೋಡುವುದು ಪೂರ್ತಿ ಬೇರೆ ಕೆಲಸ.

ಯಾಕೆ ಬೇರೆ ಕೆಲಸ

ಎಂಜಿಎಕ್ಸ್ ಫೈಲು ವಿಡಿಯೋ ಅಲ್ಲ. ಅದರಲ್ಲಿ ಚಿತ್ರ ಇಲ್ಲ, ಸದ್ದು ಇಲ್ಲ, ಯಾವ ಸೈನಿಕ ಯಾವ ಕ್ಷಣದಲ್ಲಿ ಎಲ್ಲಿ ನಿಂತಿದ್ದ ಎಂಬ ಲೆಕ್ಕವೂ ಇಲ್ಲ. ಮೊದಲ ಭಾಗದಲ್ಲಿ ಮ್ಯಾಪ್ ಮತ್ತು ಆಟಗಾರರ ಆರಂಭದ ಸ್ಥಿತಿ. ಆಮೇಲೆ ಬರುವುದು ಬರೀ ಆದೇಶಗಳು: ಇಂಥ ಹೊತ್ತಿಗೆ ಇಂಥವನು ಈ ಹಳ್ಳಿಗನನ್ನು ಆ ಮರಕ್ಕೆ ಕಳಿಸಿದ, ಇಲ್ಲಿ ಮನೆ ಕಟ್ಟಿಸಿದ, ಹೀಗೆ. ಜೊತೆಗೆ ಚಾಟ್, ಮತ್ತು ರೆಕಾರ್ಡ್ ಮಾಡಿದವನು ಮ್ಯಾಪಿನ ಯಾವ ಮೂಲೆ ನೋಡುತ್ತಿದ್ದ ಎಂಬುದು. ಫೈಲು ತೆರೆದಾಗ ಗೇಮ್ ಆ ಆದೇಶಗಳನ್ನು ಒಂದೊಂದಾಗಿ ಪಾಲಿಸುತ್ತಾ ಇಡೀ ಯುದ್ಧವನ್ನು ಮೊದಲಿಂದ ಮತ್ತೆ ನಡೆಸುತ್ತದೆ. ಚದುರಂಗದ ನಡೆಗಳನ್ನು ಚೀಟಿಯಲ್ಲಿ ಬರೆದಿಟ್ಟ ಹಾಗೆ. ಕುದುರೆ ಹೋಗುವ ರೀತಿ ಬದಲಾಯಿಸಿಬಿಟ್ಟರೆ ಆ ಚೀಟಿಗೆ ಅರ್ಥವೇ ಉಳಿಯುವುದಿಲ್ಲ.

ಗೇಮನ್ನು ಹೀಗೆ ಕಟ್ಟಿದ್ದಕ್ಕೆ ಕಾರಣ ಇದೆ. 28.8 ಕೆಬಿಪಿಎಸ್ ಮೋಡೆಮ್ ಕಾಲದಲ್ಲಿ ನೂರಾರು ಸೈನಿಕರ ಜಾಗವನ್ನು ಕ್ಷಣಕ್ಷಣಕ್ಕೂ ಇನ್ನೊಂದು ಕಂಪ್ಯೂಟರಿಗೆ ಕಳಿಸಲು ಆಗುತ್ತಿರಲಿಲ್ಲ. ಆದ್ದರಿಂದ ಆದೇಶ ಮಾತ್ರ ಕಳಿಸುತ್ತಿದ್ದರು, ಎಲ್ಲ ಕಂಪ್ಯೂಟರುಗಳೂ ಒಂದೇ ಲೆಕ್ಕವನ್ನು ತಮ್ಮ ಪಾಡಿಗೆ ಮಾಡುತ್ತಿದ್ದವು. ಈ ವಿಧಾನದ ಬಗ್ಗೆ ಅದನ್ನು ಬರೆದ ಪ್ರೋಗ್ರಾಮರುಗಳೇ 2001ರಲ್ಲಿ ಒಂದು ಲೇಖನ ಬರೆದಿದ್ದಾರೆ. ಅದರಲ್ಲಿ ಒಂದು ಜಿಂಕೆಯ ಉದಾಹರಣೆ ಬರುತ್ತದೆ. ಮ್ಯಾಪ್ ತಯಾರಾಗುವಾಗ ಎರಡು ಕಂಪ್ಯೂಟರುಗಳಲ್ಲಿ ಒಂದು ಜಿಂಕೆ ಕೂದಲೆಳೆಯಷ್ಟು ಬೇರೆ ಕಡೆ ನಿಂತರೂ ಸಾಕು, ಅದು ಮೇಯುವ ಜಾಗ ಬೇರೆಯಾಗುತ್ತದೆ, ಕೆಲವು ನಿಮಿಷ ಕಳೆದ ಮೇಲೆ ಒಬ್ಬ ಹಳ್ಳಿಗನ ಈಟಿ ಗುರಿ ತಪ್ಪುತ್ತದೆ, ಅಲ್ಲಿಂದ ಎರಡೂ ಕಂಪ್ಯೂಟರುಗಳ ಆಟ ಬೇರೆ ಬೇರೆ.

ರೆಕಾರ್ಡಿಂಗಿನ ಹಣೆಬರಹವೂ ಇದೇ. ಆಡಿದ ಆವೃತ್ತಿಯಲ್ಲೇ ಅದನ್ನು ನಡೆಸಬೇಕು. ಹತ್ತಿರದ ಆವೃತ್ತಿ ಆದರೆ ಸಾಲದು.

ಅದಕ್ಕೂ ಮುಂಚೆ ಸಿಡಿ

ತಮ್ಮ ಫೈಲುಗಳನ್ನು ಕಾಪಿ ಮಾಡಲು ನೋಡಿದ್ದ. ಒಂದು ಬಂತು, ಇನ್ನೆರಡು ಅರ್ಧಕ್ಕೆ ನಿಂತವು. ಮತ್ತೆ ಮತ್ತೆ ಹಾಕಿ ತೆಗೆದು ನೋಡುತ್ತಿದ್ದ. ನಾನು ಹೇಳಿದ ಮೊದಲ ಕೆಲಸ ಅದನ್ನು ನಿಲ್ಲಿಸುವುದು.

ಅಂಗಡಿಯಲ್ಲಿ ಕೊಂಡ ಅಸಲಿ ಸಿಡಿಯಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿರುತ್ತದೆ. ಬರೆದ ಸಿಡಿ, ಅಂದರೆ ಸಿಡಿ-ಆರ್, ಹಾಗಲ್ಲ. ಅದರಲ್ಲಿ ಒಂದು ಬಣ್ಣದ ಪದರ ಇರುತ್ತದೆ, ಲೇಸರ್ ಅದನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ ತಗುಲಿದರೆ ಆ ಪದರ ಮಂಕಾಗುತ್ತದೆ. ಬೇಸಿಗೆಯ ಅಟ್ಟ ಅದಕ್ಕೆ ಒಳ್ಳೆಯ ಜಾಗ ಅಲ್ಲವೇ ಅಲ್ಲ. ಇಂಥ ಡಿಸ್ಕನ್ನು ಫೈಲು ಫೈಲಾಗಿ ಕಾಪಿ ಮಾಡಬಾರದು. ಮೊದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಅದರಲ್ಲಿರುವುದೆಲ್ಲದರ ಒಂದೇ ಫೈಲಿನ ನಕಲು, ತೆಗೆಯಬೇಕು.

ಅದಕ್ಕೆ ಲಿನಕ್ಸ್‌ನಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿದೆವು. ಇದರ ಒಳ್ಳೆಯ ಗುಣ ಏನೆಂದರೆ, ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಮೊದಲು ಓದಿಕೊಂಡು, ಕಷ್ಟದ ಜಾಗವನ್ನು ಆಮೇಲೆ ಹಿಡಿಯುತ್ತದೆ. ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಒಂದು ಮ್ಯಾಪ್ ಫೈಲಿನಲ್ಲಿ (ಗೇಮಿನ ಮ್ಯಾಪಿಗೂ ಇದಕ್ಕೂ ಸಂಬಂಧ ಇಲ್ಲ) ಬರೆದಿಟ್ಟುಕೊಳ್ಳುತ್ತದೆ. ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಸಿಡಿಯನ್ನು ಬೇರೆ ಡ್ರೈವಿಗೆ ಹಾಕಿದರೆ ಬಾಕಿ ಉಳಿದ ಜಾಗ ಮಾತ್ರ ಓದುತ್ತದೆ. ಒಂದು ಡ್ರೈವಿಗೆ ಓದಲಾಗದ್ದನ್ನು ಇನ್ನೊಂದು ಓದುವುದು ಬಹಳ ಸಾಮಾನ್ಯ. ಇಲ್ಲಿಯೂ ಹಾಗೇ ಆಯಿತು. ಹೊಸ ಯುಎಸ್‌ಬಿ ಡ್ರೈವ್ ಕೈಬಿಟ್ಟಿದ್ದರಲ್ಲಿ ಬಹುಪಾಲನ್ನು ಹಳೇ ಡೆಸ್ಕ್‌ಟಾಪಿನ ಡ್ರೈವ್ ಓದಿಕೊಟ್ಟಿತು.

ಆದರೂ ಕೆಲವು ಸೆಕ್ಟರ್ ಸಿಗಲೇ ಇಲ್ಲ. ಡೇಟಾ ಸಿಡಿಯಲ್ಲಿ ಒಂದು ಸೆಕ್ಟರ್ ಎಂದರೆ 2048 ಬೈಟ್. ಯಾವ ಫೈಲು ಯಾವ ಸೆಕ್ಟರಿನಿಂದ ಶುರು ಎಂಬುದು ಇಮೇಜಿನಲ್ಲೇ ಸಿಗುತ್ತದೆ, ಹಾಗಾಗಿ ಹಾಳಾದ ಜಾಗ ಯಾರ ಪಾಲಿಗೆ ಬಿದ್ದಿದೆ ಎಂದು ಲೆಕ್ಕ ಹಾಕಬಹುದು. ಮೊದಲ ಫೈಲಿಗೆ ಏನೂ ಆಗಿರಲಿಲ್ಲ. ಎರಡನೆಯದರ ಹಿಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಮೂರನೆಯದರ ಮುಂಭಾಗದಲ್ಲೇ ತೂತು. ಮುಂಭಾಗ, ಹಿಂಭಾಗ ಎನ್ನುವುದು ಇಲ್ಲಿ ಬಹಳ ಮುಖ್ಯ ವಿಷಯ, ಆಮೇಲೆ ಹೇಳುತ್ತೇನೆ.

ಗೇಮ್ ಎದ್ದೇಳಲಿಲ್ಲ

ತಮ್ಮ ವಿಂಡೋಸ್ 11ನಲ್ಲಿ ಅಸಲಿ ಸಿಡಿಯಿಂದ ಇನ್‌ಸ್ಟಾಲ್ ಮಾಡಿದ್ದ. ಇನ್‌ಸ್ಟಾಲ್ ಆಗಿತ್ತು. ಹಳೇ ಗೇಮುಗಳು ನೆಟ್‌ವರ್ಕಿನಲ್ಲಿ ಆಡಲು ಬಳಸುತ್ತಿದ್ದ ಡೈರೆಕ್ಟ್‌ಪ್ಲೇ ಬೇಕು ಎಂದು ವಿಂಡೋಸ್ ಕೇಳಿದಾಗ, ಕಂಟ್ರೋಲ್ ಪ್ಯಾನೆಲಿನಲ್ಲಿ ವಿಂಡೋಸ್ ಫೀಚರ್ಸ್ ತೆರೆದು ಲೆಗಸಿ ಕಾಂಪೊನೆಂಟ್ಸ್ ಕೆಳಗೆ ಅದಕ್ಕೂ ಟಿಕ್ ಹಾಕಿದ್ದ. ಕಂಪ್ಯಾಟಿಬಿಲಿಟಿ ಮೋಡ್ ಹಳೇ ವಿಂಡೋಸ್ ಎಕ್ಸ್‌ಪಿಗೆ ಬದಲಿಸಿದ್ದ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ್ದ. ಐಕಾನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ, ಎರರ್ ಕೂಡ ಇಲ್ಲ.

ಹೀಗೆ ಸದ್ದಿಲ್ಲದೆ ಸಾಯುವ 2000ದ ಆಸುಪಾಸಿನ ಸಿಡಿ ಗೇಮ್ ಕಂಡರೆ ಮೊದಲು ಕಾಪಿ ಪ್ರೊಟೆಕ್ಷನ್, ಅಂದರೆ ನಕಲು ತಡೆಯುವ ವ್ಯವಸ್ಥೆಯ ಮೇಲೆ ಅನುಮಾನ ಪಡಬೇಕು. ಇದರದ್ದು ಸೇಫ್‌ಡಿಸ್ಕ್. ಸಿಡಿ ಅಸಲಿಯೇ ಎಂದು ನೋಡಲು ಅದು ಸೆಕ್‌ಡಿಆರ್‌ವಿ ಎಂಬ ಡ್ರೈವರನ್ನು ನಂಬಿಕೊಂಡಿತ್ತು. ಡ್ರೈವರ್ ಎಂದರೆ ವಿಂಡೋಸಿನ ಹೊಟ್ಟೆಯೊಳಗೇ ಕೂತು ಕೆಲಸ ಮಾಡುವಂಥದ್ದು. ಅದರಲ್ಲಿ ಭದ್ರತೆಯ ತೂತು ಇರುವುದು 2007ರಲ್ಲೇ ಬಯಲಾಗಿತ್ತು. ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು, 2015ರ ಸೆಪ್ಟೆಂಬರ್ ಅಪ್‌ಡೇಟಿನಲ್ಲಿ ವಿಂಡೋಸ್ 7, 8ರಲ್ಲೂ ನಿಲ್ಲಿಸಿತು. ಆವತ್ತಿನಿಂದ ದುಡ್ಡು ಕೊಟ್ಟು ಕೊಂಡ ಸಾವಿರಾರು ಅಸಲಿ ಸಿಡಿಗಳು ಕೆಲಸ ನಿಲ್ಲಿಸಿದವು. ಭದ್ರತೆ ದೃಷ್ಟಿಯಿಂದ ಆ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಕೊಂಡವರ ಕೈಯಲ್ಲಿ ಉಳಿದದ್ದು ಖಾಲಿ ಡಬ್ಬಿ, ಅದರ ಬೇಸರ ನಿಜವಾದದ್ದು.

ಇಲ್ಲಿ ಮೂರು ದಾರಿ ಮುಂದಿತ್ತು. ಇಂಟರ್‌ನೆಟ್ಟಿನಿಂದ ಆ ಹಳೇ ಡ್ರೈವರ್ ತಂದು, ಡ್ರೈವರ್ ನಂಬಲರ್ಹವೇ ಎಂದು ನೋಡುವ ವಿಂಡೋಸಿನ ಸಹಿ ಪರೀಕ್ಷೆ ಆಫ್ ಮಾಡಿ ಬಲವಂತವಾಗಿ ಹಾಕುವುದು ಒಂದು. ತಮ್ಮ ಒಂದು ವಿಡಿಯೋ ನೋಡಿ ಅದಕ್ಕೆ ತಯಾರಾಗಿದ್ದ. ಬೇಡವೇ ಬೇಡ ಎಂದೆ. ಅದೇ ಲ್ಯಾಪ್‌ಟಾಪಿನಲ್ಲಿ ಅವನ ಬ್ಯಾಂಕ್ ಕೆಲಸ, ಅಂಗಡಿ ಲೆಕ್ಕ ಎಲ್ಲಾ ಇತ್ತು. ಎರಡನೆಯದು, ಯಾರೋ ಬದಲಿಸಿದ, ಸಿಡಿ ಕೇಳದ ಎಕ್ಸಿ ಫೈಲು (ಗೇಮನ್ನು ಓಡಿಸುವ ಮುಖ್ಯ ಫೈಲು) ಹಾಕುವುದು. ಅದರಲ್ಲಿ ವೈರಸ್ ಭಯ ಹೇಗೂ ಇದೆ, ಅದಕ್ಕಿಂತ ಜಾಸ್ತಿ ನನಗೆ ತೊಡಕೆನಿಸಿದ್ದು ಬೇರೆ: ಆ ಎಕ್ಸಿ ಯಾವ ಆವೃತ್ತಿಯದು, ಒಳಗೆ ಇನ್ನೇನು ಬದಲಾಗಿದೆ ಎಂದು ಹೇಳುವವರು ಯಾರೂ ಇಲ್ಲ. ನಮಗೆ ಆವೃತ್ತಿಯೇ ಮುಖ್ಯ ಅಲ್ವಾ? ಅಭಿಮಾನಿಗಳು ಮಾಡಿದ ಯೂಸರ್‌ಪ್ಯಾಚ್ ಎಂಬ ಒಳ್ಳೆಯ ಪ್ಯಾಚ್ (ಗೇಮನ್ನು ತಿದ್ದುವ ಅಪ್‌ಡೇಟ್) ಕೂಡ ಇದೆ. ಆಡುವುದಕ್ಕೆ ಅದು ಬಹಳ ಚೆನ್ನಾಗಿದೆ, ಆದರೆ ಇದೇ ಕಾರಣಕ್ಕೆ ಅದನ್ನೂ ಪಕ್ಕಕ್ಕಿಟ್ಟೆವು.

ಮೂರನೆಯದು, ಗೇಮ್ ಹುಟ್ಟಿದ ಕಾಲದ ವಿಂಡೋಸನ್ನೇ ಒದಗಿಸುವುದು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಎಕ್ಸ್‌ಪಿ ಯಂತ್ರ ಮಾಡಿ, ಅದರ ನೆಟ್‌ವರ್ಕ್ ಪೂರ್ತಿ ಕಿತ್ತು, ನಿಜವಾದ ಡಿವಿಡಿ ಡ್ರೈವನ್ನು ಅದಕ್ಕೆ ಜೋಡಿಸುವುದು. ಡ್ರೈವರಿನ ತೂತು ಏನಿದ್ದರೂ ಆ ಡಬ್ಬಿಯೊಳಗೇ ಉಳಿಯುತ್ತದೆ. ಮೂರು ಆಯಾಮದ ಗ್ರಾಫಿಕ್ಸ್ ಗೇಮ್ ಆಗಿದ್ದರೆ ವರ್ಚುವಲ್ ಯಂತ್ರದಲ್ಲಿ ಕಷ್ಟವಾಗಬಹುದಿತ್ತು. ಇದು 256 ಬಣ್ಣದ, ಎರಡು ಆಯಾಮದ ಗೇಮ್. 166 ಮೆಗಾಹರ್ಟ್ಸ್ ಪೆಂಟಿಯಂನಲ್ಲಿ ಓಡಲು ಬರೆದದ್ದು. ಇವತ್ತಿನ ಯಾವ ಲ್ಯಾಪ್‌ಟಾಪಿಗೂ ಅದು ಭಾರವಲ್ಲ.

ಹೊಸ ಯುಎಸ್‌ಬಿ ಡ್ರೈವ್ ಜೋಡಿಸಿದಾಗ ಸೇಫ್‌ಡಿಸ್ಕ್ ಸಿಡಿಯನ್ನು ಒಪ್ಪಲಿಲ್ಲ, ಹಳೇ ಡ್ರೈವ್ ಜೋಡಿಸಿದಾಗ ಒಪ್ಪಿತು. ಫುಲ್ ಸ್ಕ್ರೀನ್ ಮಾಡದೆ ಕಿಟಕಿಯಲ್ಲಿ ಓಡಿಸಿದರೆ ಮೌಸ್ ಅಂಚಿಗೆ ಹೋದಾಗ ಹೊರಗೆ ಜಾರುತ್ತಿತ್ತು, ಅದೊಂದು ಸಣ್ಣ ಕಿರಿಕಿರಿ. ಅಷ್ಟು ಬಿಟ್ಟರೆ ಗೇಮ್ ಎದ್ದಿತು.

ಆಟ ಹಳಿ ತಪ್ಪಿತು

ಸರಿಯಾಗಿದ್ದ ಮೊದಲ ಫೈಲನ್ನು ಸೇವ್‌ಗೇಮ್ ಫೋಲ್ಡರಿನಲ್ಲಿಟ್ಟು ತೆರೆದೆವು. ಶುರುವಾಯಿತು. ಹೆಸರುಗಳು ಬಂದವು, ಹಳ್ಳಿಗರು ಕುರಿ ಹುಡುಕಿಕೊಂಡು ಹೊರಟರು, ತಮ್ಮ ಕುರ್ಚಿಯಿಂದ ಎದ್ದೇ ನಿಂತ. ಸ್ವಲ್ಪ ಹೊತ್ತು ಎಲ್ಲಾ ಸರಿ ಇತ್ತು. ಆಮೇಲೆ ಒಬ್ಬಿಬ್ಬರು ಹಳ್ಳಿಗರು ಸುಮ್ನೆ ನಿಂತರು. ಮನೆ ಕಟ್ಟಬೇಕಾದ ಹೊತ್ತಿಗೆ ಕಟ್ಟಿಗೆ ಸಾಲಲಿಲ್ಲ. ಅಲ್ಲಿಂದ ಮುಂದೆ ಒಂದಕ್ಕೊಂದು ಸಂಬಂಧವಿಲ್ಲ. ಅಣ್ಣನ ಸೈನ್ಯ ಯಾರೂ ಇಲ್ಲದ ಕಾಡಿನ ಅಂಚಿಗೆ ಹೋಗಿ ನಿಂತಿತು, ಚಾಟಿನಲ್ಲಿ ಮಾತ್ರ ಯುದ್ಧ ಜೋರಾಗಿ ನಡೆಯುತ್ತಿತ್ತು.

ಇದನ್ನು ನೋಡಿದವರು ಫೈಲು ಹಾಳಾಗಿದೆ ಎಂದುಕೊಂಡು ಕೈಬಿಡುವುದು ಸಹಜ. ತಮ್ಮನೂ ಹಾಗೇ ಅಂದುಕೊಂಡ. ಆದರೆ ಹಾಳಾದ ಫೈಲು ಹೀಗೆ ನಡೆದುಕೊಳ್ಳುವುದಿಲ್ಲ. ಅದು ತೆರೆಯುವುದೇ ಇಲ್ಲ, ಅಥವಾ ಒಂದು ಕಡೆ ತಟ್ಟನೆ ನಿಲ್ಲುತ್ತದೆ. ನಿಧಾನವಾಗಿ ಹಳಿ ತಪ್ಪುತ್ತಾ ಹೋಗುವುದು ಆವೃತ್ತಿ ಬೇರೆ ಎನ್ನುವುದರ ಲಕ್ಷಣ. ನಾವು ಹಾಕಿದ್ದು ಸಿಡಿಯಲ್ಲಿದ್ದ 1.0. ಕಾಂಕರರ್ಸ್‌ಗೆ ಆಮೇಲೆ 1.0ಸಿ ಎಂಬ ಅಧಿಕೃತ ಪ್ಯಾಚ್ ಬಂದಿತ್ತು.

ಕೆಫೆಯಲ್ಲಿ ಯಾವುದಿತ್ತು? ಆ ಕೆಫೆ ಮುಚ್ಚಿ ಎಷ್ಟೋ ವರ್ಷ ಆಗಿದೆ. ತಮ್ಮನಿಗೆ ನೆನಪಿಲ್ಲ. ಸುಮ್ಮನೆ ಪ್ಯಾಚ್ ಹಾಕಿ ನೋಡಬಹುದಿತ್ತು, ಹೆಚ್ಚಿನವರು ಹಾಗೇ ಮಾಡುತ್ತಾರೆ. ಆದರೆ ಊಹೆ ಮೇಲೆ ಊಹೆ ಪೇರಿಸಿದರೆ ಯಾವ ಬದಲಾವಣೆಯಿಂದ ಏನಾಯಿತು ಎಂಬ ಲೆಕ್ಕವೇ ತಪ್ಪುತ್ತದೆ. ಉತ್ತರ ಫೈಲಿನಲ್ಲೇ ಇರುವಾಗ ಊಹೆ ಯಾಕೆ?

ಈ ಫೈಲುಗಳನ್ನು ಗೇಮ್ ಇಲ್ಲದೆಯೂ ಓದುವ ಎಂಜಿಝಡ್ ಎಂಬ ಉಚಿತ ಪೈಥಾನ್ ಲೈಬ್ರರಿ (ಪ್ರೋಗ್ರಾಂ ಬರೆಯುವಾಗ ಬಳಸುವ ಸಿದ್ಧ ಕೋಡ್) ಇದೆ. ಅದರಲ್ಲಿ ನೋಡಿದಾಗ ಫೈಲಿನ ತಲೆಯಲ್ಲಿ, ಅಂದರೆ ಆರಂಭದ ಸ್ಥಿತಿ ಇರುವ ಮೊದಲ ಭಾಗದಲ್ಲಿ, ‘ವರ್ 9.4’ ಎಂದಿತ್ತು. ಇದರಿಂದ ಕಾಂಕರರ್ಸ್ ಎಂದು ಖಚಿತವಾಯಿತು, ಆದರೆ 1.0, 1.0ಸಿ ಎರಡರಲ್ಲೂ ತಲೆಯಲ್ಲಿ ಬರೆಯುವುದು ಇದನ್ನೇ. ವ್ಯತ್ಯಾಸ ಇರುವುದು ಆದೇಶಗಳ ಭಾಗ ಶುರುವಾಗುವಲ್ಲಿ, ಒಂದು ಸಣ್ಣ ಸಂಖ್ಯೆಯಲ್ಲಿ. 1.0 ಆದರೆ 3, 1.0ಸಿ ಆದರೆ 4. ನಮ್ಮ ಮೂರೂ ಫೈಲುಗಳಲ್ಲಿ 4 ಇತ್ತು.

ಅಧಿಕೃತ 1.0ಸಿ ಪ್ಯಾಚ್ ಹಾಕಿದೆವು. ಬೇರೇನನ್ನೂ ಮುಟ್ಟಲಿಲ್ಲ. ಅದೇ ಫೈಲು ಮತ್ತೆ ತೆರೆದೆವು, ಆಟ ಮೊದಲಿಂದ ಕೊನೆಯವರೆಗೂ ಹಳಿ ಮೇಲೇ ಓಡಿತು.

ಸಿಕ್ಕಿದ್ದು, ಸಿಗದಿದ್ದದ್ದು

ಮೊದಲ ಮ್ಯಾಚ್ ಪೂರ್ತಿ ಸಿಕ್ಕಿತು. ಇಬ್ಬರ ಎದುರು ಇಬ್ಬರು, ಎದುರಿಗಿದ್ದವರು ಅಣ್ಣನ ಕಾಲೇಜಿನವರು. ರೆಕಾರ್ಡ್ ಆದದ್ದು ತಮ್ಮನ ಕಂಪ್ಯೂಟರಿನಲ್ಲಿ, ಆದ್ದರಿಂದ ಅವತ್ತು ಅವನ ಕಣ್ಣು ಮ್ಯಾಪಿನಲ್ಲಿ ಎಲ್ಲೆಲ್ಲಿ ಓಡಾಡಿತೋ ಅದೇ ಹಾದಿಯಲ್ಲಿ ನೋಡಲು ಬಂತು. ಚಾಟಿನಲ್ಲೂ ಅವನಿಗೆ ಕಂಡಿದ್ದ ಮಾತುಗಳೇ ಇದ್ದವು. “ಕಟ್ಟಿಗೆ ಕಳ್ಸೋ ಬೇಗ”, “ತಡಿ ಅಣ್ಣ, ಆನೆ ಬರ್ತಿದಾವೆ”, ನಡುನಡುವೆ ಬರೀ 11. ಆ ಗೇಮಿನಲ್ಲಿ 11 ಎಂದು ಒತ್ತಿದರೆ ನಗು ಕೇಳಿಸುತ್ತದೆ, ಆಡಿದವರಿಗೆ ಗೊತ್ತಿರುತ್ತದೆ.

ಎರಡನೇ ಮತ್ತು ಮೂರನೇ ಫೈಲಿನಲ್ಲಿ ಆ ಮುಂಭಾಗ, ಹಿಂಭಾಗದ ವಿಷಯ ಬರುತ್ತದೆ. ಎಂಜಿಎಕ್ಸ್‌ನಲ್ಲಿ ತಲೆಯ ಭಾಗವನ್ನು ಕುಗ್ಗಿಸಿ, ಅಂದರೆ ಕಂಪ್ರೆಸ್ ಮಾಡಿ ಇಟ್ಟಿರುತ್ತದೆ. ಕುಗ್ಗಿಸಿದ್ದರ ನಡುವೆ ಒಂದು ಕಡೆ ಹಾಳಾದರೆ ಅಲ್ಲಿಂದ ಮುಂದಿನದು ಬಿಚ್ಚಿಕೊಳ್ಳುವುದಿಲ್ಲ. ಆದೇಶಗಳ ಭಾಗ ಹಾಗಲ್ಲ, ಅದು ಇದ್ದ ಹಾಗೇ ಬಿಚ್ಚಾಗಿ ಇರುತ್ತದೆ. ಎರಡನೇ ಫೈಲಿನಲ್ಲಿ ಹಾಳಾದದ್ದು ಆದೇಶಗಳ ಕೊನೆಯ ಕಡೆ. ಆದ್ದರಿಂದ ಆ ಮ್ಯಾಚ್ ಬಹುಪಾಲು ನಡೆದು, ತೂತು ಬಂದಲ್ಲಿ ನಿಂತಿತು. ಗೆದ್ದವರು ಯಾರು ಎಂದು ಅಣ್ಣತಮ್ಮಂದಿರಲ್ಲಿ ಇನ್ನೂ ವಾದ ನಡೆಯುತ್ತಿದೆ.

ಮೂರನೆಯದರಲ್ಲಿ ಹಾಳಾದದ್ದು ತಲೆ. ಮ್ಯಾಪ್ ಇಲ್ಲ, ಆರಂಭದ ಸ್ಥಿತಿ ಇಲ್ಲ, ಗೇಮ್ ಅದನ್ನು ತೆರೆಯಲು ಸಾಧ್ಯವೇ ಇಲ್ಲ. ಆದರೆ ಫೈಲಿನ ಮೊದಲ ನಾಲ್ಕು ಬೈಟಿನಲ್ಲಿ ತಲೆಯ ಉದ್ದ ಎಷ್ಟು ಎಂದು ಬರೆದಿರುತ್ತದೆ, ಪುಣ್ಯಕ್ಕೆ ಅದು ಉಳಿದಿತ್ತು. ಅಷ್ಟು ದೂರ ಹಾರಿ ಆದೇಶಗಳ ಭಾಗಕ್ಕೆ ಹೋದರೆ ಚಾಟ್ ಮಾತುಗಳನ್ನು ಹಾಗೇ ಆಯ್ದುಕೊಳ್ಳಬಹುದು. ಯುದ್ಧ ಹೋಯಿತು, ಮಾತು ಉಳಿಯಿತು. ಆ ಸಾಲುಗಳನ್ನು ಒಂದು ಕಡತದಲ್ಲಿ ಬರೆದು ಕೊಟ್ಟೆ. ತಮ್ಮನಿಗೆ ಪೂರ್ತಿ ಸಿಕ್ಕ ಮ್ಯಾಚಿಗಿಂತ ಅದೇ ಜಾಸ್ತಿ ಇಷ್ಟವಾಯಿತು.

ಇನ್ನೊಂದು ತೀರ್ಮಾನವೂ ಇತ್ತು. ಈ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಲು ಬರುವುದಿಲ್ಲ, ಏಕೆಂದರೆ ಅದು ಲೆಕ್ಕ ಮಾಡುತ್ತಾ ಮುಂದಕ್ಕೆ ಮಾತ್ರ ಹೋಗುತ್ತದೆ. ರಜೆಗೆ ಬಂದ ಅಣ್ಣನನ್ನು ವರ್ಚುವಲ್ ಯಂತ್ರದ ಮುಂದೆ ಕೂರಿಸುವ ಬದಲು, ಮ್ಯಾಚನ್ನು ಒಬಿಎಸ್ ಎಂಬ ಸ್ಕ್ರೀನ್ ರೆಕಾರ್ಡ್ ಮಾಡುವ ಪ್ರೋಗ್ರಾಮಿನಲ್ಲಿ ವಿಡಿಯೋ ಮಾಡಿ ಟಿವಿಗೆ ಹಾಕುವುದೇ ಸರಿ ಎನಿಸಿತು. ವಿಡಿಯೋವನ್ನು ಮನೆಯಿಂದ ಹೊರಗೆ ಹಂಚುವ ಮುಂಚೆ ಎದುರು ಆಡಿದ್ದ ಇಬ್ಬರನ್ನೂ ಕೇಳಬೇಕೆಂದು ಹೇಳಿದೆ. ಅವರ ಮಾತುಗಳೂ ಅದರಲ್ಲಿವೆ, ಹದಿಹರೆಯದಲ್ಲಿ ಆಡಿದ ಮಾತು. ಒಬ್ಬರು ಖುಷಿಯಿಂದ ಒಪ್ಪಿದರು, ಇನ್ನೊಬ್ಬರು ಚಾಟ್ ಕಾಣದ ಹಾಗೆ ಮಾಡಿ ಎಂದರು. ಆದ್ದರಿಂದ ಎರಡು ಪ್ರತಿ ಮಾಡಿದೆವು.

ಇಂಥ ಕೆಲಸ ಹಿಡಿಯುವವರಿಗೆ

ಬಂದವರು ‘ಗೇಮ್ ಓಡಬೇಕು’ ಎಂದರೆ ಅಲ್ಲಿಗೆ ನಿಲ್ಲಬೇಡಿ, ಓಡಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿ. ಆಡುವುದಾದರೆ ಹೊಸ ಆವೃತ್ತಿ, ಅಭಿಮಾನಿಗಳ ಪ್ಯಾಚ್, ಹಳೇ ಗೇಮಿನ ಗ್ರಾಫಿಕ್ಸನ್ನು ಹೊಸ ವಿಂಡೋಸಿಗೆ ಹೊಂದಿಸುವ ಸಿಎನ್‌ಸಿ-ಡಿಡ್ರಾ ಥರದ ಸಾಧನ, ಯಾವುದು ಸುಲಭವೋ ಅದು. ಹಳೇ ಸೇವ್ ಅಥವಾ ರೆಕಾರ್ಡಿಂಗ್ ತೆರೆಯುವುದಾದರೆ ಸುಧಾರಿಸಿದ ಯಾವ ಆವೃತ್ತಿಯೂ ಬೇಡ, ಆಗ ಇದ್ದದ್ದೇ ಬೇಕು. ಇದೇ ಪ್ರಕರಣದಲ್ಲಿ ವಿಂಡೋಸ್ 11ನಲ್ಲಿ ಗೇಮ್ ಎಬ್ಬಿಸುವ ಹಟಕ್ಕೆ ಬಿದ್ದಿದ್ದರೆ, ಎದ್ದ ಗೇಮ್ ಆ ಮ್ಯಾಚನ್ನು ತಪ್ಪಾಗಿ ತೋರಿಸುತ್ತಿತ್ತು. ಫೈಲು ಹಾಳಾಗಿದೆ ಎಂದುಕೊಂಡು ಸಿಡಿಯನ್ನೇ ಎಸೆದಿದ್ದರೂ ಆಶ್ಚರ್ಯವಿಲ್ಲ.

ಮನೆಯಲ್ಲಿ ಬರೆದ ಸಿಡಿ ಇರುವವರು ಗೇಮಿನ ಚಿಂತೆ ಆಮೇಲೆ ಮಾಡಿ, ಇಮೇಜ್ ಇವತ್ತೇ ತೆಗೆಯಿರಿ. ಗೇಮ್ ಇನ್ನು ಹತ್ತು ವರ್ಷ ಬಿಟ್ಟೂ ಯಾವುದೋ ದಾರಿಯಲ್ಲಿ ಓಡುತ್ತದೆ. ಆ ಬಣ್ಣದ ಪದರ ಕಾಯುವುದಿಲ್ಲ.

ಈ ಮನೆಯವರ ಹತ್ತಿರ ಈಗ ಡಿಸ್ಕ್ ಇಮೇಜ್, ಅದರ ಮ್ಯಾಪ್ ಫೈಲ್, 1.0ಸಿ ಹಾಕಿದ ವರ್ಚುವಲ್ ಯಂತ್ರದ ಫೋಲ್ಡರ್, ಮತ್ತು ಯಾವುದನ್ನು ಯಾವ ಕ್ರಮದಲ್ಲಿ ಹಾಕಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಪುಟ ಇದೆ. ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದಾರೆ, ಒಂದು ಅಣ್ಣನ ಜೊತೆ ಹೋಗಿದೆ. ಸಿಡಿಯನ್ನು ಅಟ್ಟದಿಂದ ಇಳಿಸಿ ತಂಪಾದ ಕಪಾಟಿನಲ್ಲಿಟ್ಟಿದ್ದಾರೆ. ಯಾರ ಹತ್ತಿರವಾದರೂ ಇನ್ನೊಂದು ಒಳ್ಳೆಯ ಹಳೇ ಡ್ರೈವ್ ಸಿಕ್ಕರೆ, ಮೂರನೇ ಫೈಲಿನ ಬಾಕಿ ಸೆಕ್ಟರುಗಳನ್ನು ಅದೇ ಮ್ಯಾಪ್ ಫೈಲಿನಿಂದ ಮುಂದುವರಿಸಿ ಓದಿಸಿ ನೋಡುವುದಿದೆ.